ಸಾವಿರ ಜನ ಸೇರುವ ಇರುಳು

ಗದ್ದೆಗಳಲ್ಲಿ ಕೊಯ್ಲು ಮುಗಿದು ಹುಲ್ಲುಕುತ್ತರಿಗಳು ಅಂಗಳದ ಅಂಚಿಗೆ ಬಂದು ನಿಂತವೆಂದರೆ, ಕುಂದಾಪುರದ ಸೀಮೆಯಲ್ಲಿ ಜನ ಕೂಡುವ ಕಾಲ ಮೊದಲಾಯಿತೆಂದೇ ಅರ್ಥ. ವೃಶ್ಚಿಕ ಮಾಸದ ಹುಣ್ಣಿಮೆಗೆ ಕೋಟೇಶ್ವರದಲ್ಲಿ ಕೊಡಿಹಬ್ಬ. ಮಕರ ಸಂಕ್ರಾಂತಿಗೆ ಮಾರಣಕಟ್ಟೆಯ ಜಾತ್ರೆ. ನಡುನಡುವೆ ವಂಡಾರು, ತಗ್ಗರ್ಸೆಗಳಂತಹ ಊರುಗಳ ಕಂಬಳ. ಇವೆಲ್ಲಕ್ಕೂ ಮಿಗಿಲಾಗಿ ಇರುಳಿರುಳೂ ಒಂದಲ್ಲ ಒಂದು ಬಯಲಿನಲ್ಲಿ ಚೆಂಡೆಯ ದನಿ. ಮುಂಗಾರಿನ ಮೋಡ ಕಡಲ ಮೇಲೆ ಕಾಣಿಸಿಕೊಳ್ಳುವವರೆಗೂ ಈ ಸಂಭ್ರಮಕ್ಕೆ ಬಿಡುವೆಂಬುದಿಲ್ಲ.

ಕುಂದಾಪುರದಿಂದ ಹತ್ತು ಕಿಲೋಮೀಟರಿನೊಳಗೆ, ವಾರಾಹಿ ನದಿಯ ದಡದಲ್ಲಿರುವ ಹಟ್ಟಿಯಂಗಡಿ ಈ ಸಂಭ್ರಮದಲ್ಲಿ ಹಿಂದೆ ಬಿದ್ದ ಊರಲ್ಲ. ಜಟೆಯುಳ್ಳ ಅಪೂರ್ವ ಮೂರ್ತಿಯ ಸಿದ್ಧಿವಿನಾಯಕ ದೇವಾಲಯ, ಲೋಕನಾಥೇಶ್ವರನ ಗುಡಿ, ಜೈನ ಬಸದಿ ಇವು ಊರಿನ ಪ್ರಾಚೀನತೆಗೆ ಸಾಕ್ಷಿಗಳು. ಸಿದ್ಧಿವಿನಾಯಕನ ಹೆಸರಿನಲ್ಲಿ ಗೆಜ್ಜೆ ಕಟ್ಟುವ ಯಕ್ಷಗಾನ ಮೇಳವೂ ಇಲ್ಲಿಯದೇ. ಹರಕೆ ಹೊತ್ತವರ ಮನೆಯಂಗಳದಲ್ಲಿ, ಕೊಯ್ದ ಗದ್ದೆಯಲ್ಲಿ, ಶಾಲೆಯ ಮೈದಾನದಲ್ಲಿ ಇಂತಹ ಮೇಳಗಳು ರಂಗಸ್ಥಳ ಕಟ್ಟುತ್ತವೆ. ಜನ ಸಾವಿರಗಟ್ಟಲೆ ಬಂದು ಕುಳಿತುಕೊಳ್ಳುತ್ತಾರೆ.

ಇಷ್ಟು ಜನ ಒಂದೆಡೆ ಸೇರಿ, ನಕ್ಕು, ಮೆಚ್ಚಿ, ಕ್ಷೇಮವಾಗಿ ಮನೆ ಸೇರುತ್ತಾರಲ್ಲ, ಇದು ಹೇಗೆ ಸಾಧ್ಯವಾಗುತ್ತದೆ? ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಅನಾಹುತವಾದ ಮರುದಿನ ಎಲ್ಲರೂ ಕಾರಣ ಹುಡುಕುತ್ತಾರೆ. ಅನಾಹುತವಾಗದ ಸಾವಿರ ಇರುಳುಗಳ ಕಾರಣವನ್ನು ಹುಡುಕುವವರಿಲ್ಲ. ಅದನ್ನು ಹುಡುಕಿದರೆ ಸಿಗುವ ಉತ್ತರ ಮಾತ್ರ ಬೆಲೆಯುಳ್ಳದ್ದು.

ಬಯಲಿನ ಗುಣ

ಯಕ್ಷಗಾನಕ್ಕೆ ಜನ ಇಟ್ಟ ಹೆಸರು ‘ಬಯಲಾಟ’. ಕೋಟದ ಶಿವರಾಮ ಕಾರಂತರು ಈ ಕಲೆಯನ್ನು ಕುರಿತು ಬರೆದ ಗ್ರಂಥಕ್ಕೂ ‘ಯಕ್ಷಗಾನ ಬಯಲಾಟ’ ಎಂದೇ ಹೆಸರು. 1959ರಲ್ಲಿ ಅದಕ್ಕೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ‘ಬಯಲು’ ಎಂಬ ಈ ಒಂದು ಪದದಲ್ಲಿಯೇ ಸುರಕ್ಷತೆಯ ಮೊದಲ ಸೂತ್ರ ಅಡಗಿದೆ. ಬಯಲಿಗೆ ಗೋಡೆಯಿಲ್ಲ, ಗೋಡೆಯಿಲ್ಲದಲ್ಲಿ ಬಾಗಿಲಿನ ಚಿಂತೆಯಿಲ್ಲ. ಗದ್ದೆಯ ನಾಲ್ಕು ಅಂಚೂ ಹೊರಹೋಗುವ ದಾರಿಗಳೇ. ಎಲ್ಲಿಯಾದರೂ ಕಿಡಿ ಕಂಡರೆ, ಹಾವು ಕಂಡರೆ, ಜಗಳವೆದ್ದರೆ, ಜನ ತಮಗೆ ಹತ್ತಿರವಾದ ಅಂಚಿನಿಂದ ಎದ್ದು ಹೋಗಬಲ್ಲರು.

ಎರಡನೆಯದು ಕಾಲ. ಹಿಂದಿನ ಆಟ ಇರುಳಿಡೀ ನಡೆಯುತ್ತಿತ್ತು. ಸಂಜೆಯ ಹೊತ್ತು ಕೇಳಿ ಬಡಿದಾಗ ಸುತ್ತಣ ಊರುಗಳಿಗೆ ಆಟದ ಸುದ್ದಿ ಮುಟ್ಟುತ್ತಿತ್ತು. ಕೆಲವರು ಕೋಡಂಗಿಯ ಕುಣಿತಕ್ಕೇ ಬಂದು ಕುಳಿತರೆ, ಕೆಲವರು ಮನೆಯ ಕೆಲಸವೆಲ್ಲ ತೀರಿಸಿ ನಡುರಾತ್ರಿಗೆ ಬರುತ್ತಿದ್ದರು. ಮಕ್ಕಳಿಗೆ ನಿದ್ದೆ ಬಂದವರು ಮೊದಲೇ ಎದ್ದು ಹೋಗುತ್ತಿದ್ದರು. ಮಂಗಳ ಹಾಡುವ ಹೊತ್ತಿಗೆ ಮೂಡಣ ಬೆಳಗಾಗಿರುತ್ತಿತ್ತು. ಉಳಿದವರು ಹಗಲಿನ ಬೆಳಕಿನಲ್ಲಿ, ತಮ್ಮ ತಮ್ಮ ಕಾಲುದಾರಿ ಹಿಡಿದು ಮನೆ ಸೇರುತ್ತಿದ್ದರು. ಒಮ್ಮೆಲೇ ಎಲ್ಲರೂ ಬರುವುದೂ ಇಲ್ಲ, ಒಮ್ಮೆಲೇ ಎಲ್ಲರೂ ಹೋಗುವುದೂ ಇಲ್ಲ. ಇಂದಿನ ತಜ್ಞರು ಬಹಳ ಶ್ರಮಪಟ್ಟು ಸಾಧಿಸಬೇಕೆನ್ನುವ ಏರ್ಪಾಡು ಇದೇ. ನಮ್ಮ ಹಿರಿಯರು ಅದನ್ನು ಶಾಸ್ತ್ರವೆಂದು ಓದಿ ಮಾಡಿದವರಲ್ಲ; ಬದುಕಿನ ರೀತಿಯೇ ಹಾಗಿತ್ತು.

ಮೂರನೆಯದು ಪರಿಚಯ. ಆಟಕ್ಕೆ ಬಂದವರಲ್ಲಿ ಹೆಚ್ಚಿನವರು ಒಬ್ಬರನ್ನೊಬ್ಬರು ಬಲ್ಲವರು. ಕತ್ತಲಲ್ಲಿ ಮಗುವೊಂದು ಅಳುತ್ತಾ ನಿಂತರೆ, ‘ಇದು ಇಂಥವರ ಮನೆಯ ಮಗು’ ಎಂದು ಎತ್ತಿಕೊಳ್ಳುವ ಕೈಗಳು ಹತ್ತಿದ್ದವು. ಊರಿನ ಹತ್ತು ಸಮಸ್ತರ ಕಣ್ಣು ಪೊಲೀಸರ ಕಣ್ಣಿಗಿಂತ ಚುರುಕಾಗಿತ್ತು.

ಕಾಲ ಬದಲಾದಾಗ

ಈ ಮೂರೂ ಬಗೆಯ ರಕ್ಷಣೆಗಳು ಒಂದೊಂದಾಗಿ ಸಡಿಲಗೊಂಡುವು. ಕಳೆದ ಶತಮಾನದ ನಡುಭಾಗದಲ್ಲಿ ಟಿಕೆಟ್ಟಿನ ಆಟ ಬಂದಿತು. ಟಿಕೆಟ್ಟಿಗಾಗಿ ಡೇರೆ ಬಂದಿತು. ಡೇರೆಗೆ ಬಾಗಿಲು ಬಂದಿತು. ಟಿಕೆಟಿಲ್ಲದವರು ನುಸುಳದಿರಲೆಂದು ಸುತ್ತ ಕಟ್ಟಿದ ಬಟ್ಟೆಯೇ ಒಳಗಿನವರಿಗೂ ಗೋಡೆಯಾಯಿತು. ಎಣ್ಣೆಯ ದೀವಟಿಗೆ ಹೋಗಿ ಗ್ಯಾಸ್‌ಲೈಟು, ಗ್ಯಾಸ್‌ಲೈಟು ಹೋಗಿ ವಿದ್ಯುದ್ದೀಪ ಬಂದಿತು. ದೀಪಗಳೊಡನೆ ನೆಲದ ಮೇಲೆ ಹರಿದಾಡುವ ತಂತಿಗಳು, ರಂಗಸ್ಥಳದ ಹಿಂದೆ ಗುಡುಗುಟ್ಟುವ ಜನರೇಟರು, ಅದರ ಬಳಿ ಡೀಸೆಲ್ ಡಬ್ಬಿಯೂ ಬಂದುವು. ಚುರುಮುರಿ, ಗೋಳಿಬಜೆಯ ಅಂಗಡಿಗಳಲ್ಲಿ ಸೌದೆಯ ಒಲೆಯ ಬದಲು ಗ್ಯಾಸ್ ಸಿಲಿಂಡರು ಕುಳಿತಿತು.

ಕಾಲದ ಕಟ್ಟೂ ಬದಲಾಯಿತು. ಕಾಲಮಿತಿಯ ಪ್ರದರ್ಶನಗಳು ಹೆಚ್ಚಾಗಿವೆ. ಸಂಜೆ ಮೊದಲಾದ ಆಟ ನಡುರಾತ್ರಿಯೊಳಗೆ ಮುಗಿಯುತ್ತದೆ. ದುಡಿಯುವ ಜನರಿಗೆ ಇದರಿಂದ ಅನುಕೂಲವೇ ಹೊರತು ತೊಂದರೆಯಿಲ್ಲ. ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ಈಗ ಎಲ್ಲರೂ ಒಂದೇ ಗಳಿಗೆಯಲ್ಲಿ, ಅದೂ ಕತ್ತಲಲ್ಲಿ, ಹೊರಡುತ್ತಾರೆ. ಕಾಲ್ನಡೆಯವರ ನಡುವೆಯೇ ನೂರಾರು ಬೈಕುಗಳೂ ಕಾರುಗಳೂ ಏಕಕಾಲಕ್ಕೆ ದೀಪ ಹೊತ್ತಿಸಿಕೊಂಡು ಇಕ್ಕಟ್ಟಾದ ಊರದಾರಿಗೆ ನುಗ್ಗುತ್ತವೆ. ಹೆಸರಾಂತ ಕಲಾವಿದರು ಬರುತ್ತಾರೆಂಬ ಸುದ್ದಿ ಕೇಳಿ ಬಂದವರಲ್ಲಿ ಆ ಬಯಲಿನ ಏರುತಗ್ಗು ಬಲ್ಲವರು ಕಡಿಮೆ. ಮೊಬೈಲಿನಲ್ಲಿ ಬಂದ ಸುದ್ದಿ ಕೇಳಿಯ ದನಿಯಂತೆ ನಾಲ್ಕು ಊರಿಗೆ ನಿಲ್ಲುವುದಿಲ್ಲ. ಅರ್ಧ ಗಂಟೆಯಲ್ಲಿ ಜಿಲ್ಲೆಯನ್ನೇ ಸುತ್ತಿಬರುತ್ತದೆ.

ಹಳೆಯ ರಕ್ಷಣೆ ಹೋಯಿತು. ಹೊಸ ರಕ್ಷಣೆ ತಾನಾಗಿ ಬರುವುದಿಲ್ಲ. ಅದನ್ನು ಯೋಚಿಸಿ ಕಟ್ಟಬೇಕು. ಕಟ್ಟದಿದ್ದರೆ ಏನಾಗುತ್ತದೆಂಬುದಕ್ಕೆ ರಾಜಧಾನಿಯಾದ ಬೆಂಗಳೂರಿನಲ್ಲಿಯೇ ಎರಡು ನಿದರ್ಶನಗಳಿವೆ.

ಬೆಂಗಳೂರು ಕಂಡ ಎರಡು ದಿನಗಳು

ಮೊದಲನೆಯದು 1981ರ ಫೆಬ್ರುವರಿ 7. ವೀನಸ್ ಸರ್ಕಸ್ಸಿನ ಡೇರೆಯಲ್ಲಿ ಮಧ್ಯಾಹ್ನದ ಆಟ ಮುಗಿಯುತ್ತ ಬಂದಿತ್ತು. ಡೇರೆಗೆ ಬೆಂಕಿ ಹತ್ತಿತು. ಕ್ಷಣಮಾತ್ರದಲ್ಲಿ ಬಟ್ಟೆಯ ಮಾಡು ಉರಿದು ಕೆಳಗೆ ಬೀಳತೊಡಗಿತು. ಜನ ಹೊರಬಾಗಿಲಿನತ್ತ ನುಗ್ಗಿದರು. ಉರಿಗೆ ಸಿಕ್ಕವರೂ, ತುಳಿತಕ್ಕೆ ಸಿಕ್ಕವರೂ ಸೇರಿ 92 ಮಂದಿ ಸತ್ತರು. ಅವರಲ್ಲಿ ಬಹುಪಾಲು ಮಕ್ಕಳು. ಆನೆಯನ್ನೂ ವಿದೂಷಕನನ್ನೂ ನೋಡಲು ಹೋದ ಮಕ್ಕಳು ಮನೆಗೆ ಮರಳಲಿಲ್ಲ.

ಎರಡನೆಯದು 2025ರ ಜೂನ್ 4. ಹಿಂದಿನ ಇರುಳು ಅಹಮದಾಬಾದಿನಲ್ಲಿ ಬೆಂಗಳೂರಿನ ತಂಡ ಹದಿನೆಂಟನೆಯ ವರ್ಷದಲ್ಲಿ ಮೊದಲ ಬಾರಿಗೆ ಐ.ಪಿ.ಎಲ್. ಪ್ರಶಸ್ತಿಯನ್ನು ಗೆದ್ದಿತ್ತು. ಮರುದಿನವೇ ವಿಧಾನಸೌಧದ ಮೆಟ್ಟಿಲಿನ ಮೇಲೆ ಒಂದು ಸನ್ಮಾನ, ಅಲ್ಲಿಂದ ಅನತಿದೂರದ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಇನ್ನೊಂದು ಎಂದು ಗೊತ್ತಾಯಿತು. ಸಿದ್ಧತೆಗೆ ಒಂದು ಹಗಲೂ ಇರಲಿಲ್ಲ. ತೆರೆದ ವಾಹನದ ಮೆರವಣಿಗೆ ಇದೆಯೋ ಇಲ್ಲವೋ ಎಂಬ ಗೊಂದಲ; ಪ್ರವೇಶ ಉಚಿತವೆಂಬ ಸುದ್ದಿ; ಪಾಸು ಬೇಕೋ ಬೇಡವೋ ಎಂಬ ಅನುಮಾನ. ಸುಮಾರು 35,000 ಮಂದಿ ಹಿಡಿಸುವ ಕ್ರೀಡಾಂಗಣದತ್ತ ಲಕ್ಷಗಟ್ಟಲೆ ಜನ ಬಂದರು. ಬಾಗಿಲುಗಳ ಬಳಿ ಒತ್ತಡ ಮಿತಿಮೀರಿತು. 11 ಮಂದಿ ಪ್ರಾಣ ಕಳೆದುಕೊಂಡರು. ಹೆಚ್ಚಿನವರು ಎಳೆಯ ವಯಸ್ಸಿನವರು. ಹೊರಗೆ ಸಾವು ಸಂಭವಿಸುತ್ತಿದ್ದಾಗ ಒಳಗೆ ಸಂಭ್ರಮ ಸಾಗಿಯೇ ಇತ್ತು.

ಸರಕಾರ ನೇಮಿಸಿದ ನಿವೃತ್ತ ನ್ಯಾಯಮೂರ್ತಿ ಜಾನ್ ಮೈಕೆಲ್ ಡಿ’ಕುನ್ಹಾ ಅವರ ಆಯೋಗವು, ಆ ಕ್ರೀಡಾಂಗಣದ ರಚನೆಯೇ ಭಾರಿ ಜನಸಂದಣಿಗೆ ತಕ್ಕುದಲ್ಲವೆಂದು ಅಭಿಪ್ರಾಯಪಟ್ಟಿತು. ಬಾಗಿಲುಗಳು ನೇರವಾಗಿ ರಸ್ತೆಯ ಕಾಲುದಾರಿಗೇ ತೆರೆದುಕೊಳ್ಳುತ್ತವೆ. ಬಂದವರು ತಡೆದು ನಿಲ್ಲಲು ನಡುವೆ ತಾವಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ರಾಜ್ಯ ಸರಕಾರವು ಜನಸಂದಣಿಯ ನಿಯಂತ್ರಣಕ್ಕೆಂದೇ ಒಂದು ಮಸೂದೆಯನ್ನು ವಿಧಾನಸಭೆಯಲ್ಲಿ ಮಂಡಿಸಿತು. ಕೇಂದ್ರದ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು ಜನ ಸೇರುವ ತಾಣಗಳ ನಿರ್ವಹಣೆಯನ್ನು ಕುರಿತು ಕೈಪಿಡಿಯನ್ನು ಹೊರತಂದದ್ದಾದರೋ 2014ರಷ್ಟು ಹಿಂದೆಯೇ. ಆದುದರಿಂದ ತಿಳಿವಳಿಕೆಯ ಕೊರತೆಯಿತ್ತೆನ್ನುವಂತಿಲ್ಲ. ತಿಳಿದದ್ದನ್ನು ಮುಂಚಿನ ದಿನ ಕುಳಿತು ಯೋಚಿಸುವ ವ್ಯವಧಾನದ ಕೊರತೆ ಇತ್ತು.

ತುಳಿತವಲ್ಲ, ಅಮುಕು

ಇಂತಹ ಪ್ರಸಂಗಗಳನ್ನು ವರದಿಮಾಡುವಾಗ ‘ಕಾಲ್ತುಳಿತ’ ಎಂಬ ಪದ ಬಳಕೆಯಲ್ಲಿದೆ. ಕೇಳಿದವರಿಗೆ ಜನ ಹುಚ್ಚೆದ್ದು ಓಡಿ ಒಬ್ಬರನ್ನೊಬ್ಬರು ತುಳಿದರೆಂಬ ಭಾವನೆ ಬರುತ್ತದೆ. ತಪ್ಪು ಜನರದೇ ಎಂಬ ತೀರ್ಮಾನಕ್ಕೆ ದಾರಿಯಾಗುತ್ತದೆ. ವಾಸ್ತವ ಬೇರೆ. ಅಮೆರಿಕದ ಇಂಜಿನಿಯರ್ ಜಾನ್ ಫ್ರುಯಿನ್ ಎಂಬವರು ಈ ವಿಷಯದಲ್ಲಿ ಬಹುಕಾಲ ಅಧ್ಯಯನ ಮಾಡಿದವರು. ಅವರು ಕಂಡುಕೊಂಡಂತೆ, ಹೀಗೆ ಸತ್ತವರಲ್ಲಿ ಹೆಚ್ಚಿನವರು ತುಳಿತದಿಂದ ಸಾಯುವುದಿಲ್ಲ. ನಿಂತಲ್ಲಿಯೇ, ಎದೆಯ ಮೇಲಿನ ಒತ್ತಡದಿಂದ ಉಸಿರಾಡಲಾಗದೆ ಸಾಯುತ್ತಾರೆ. ಉಸಿರು ಬೇಕಾದರೆ ಎದೆ ಹಿಗ್ಗಬೇಕು. ನಾಲ್ಕು ಕಡೆಯಿಂದಲೂ ಮೈಗಳು ಅಮುಕಿದಾಗ ಅದಕ್ಕೆ ಅಂಗುಲದಷ್ಟೂ ಎಡೆಯಿರುವುದಿಲ್ಲ.

ಒಂದು ಚದರ ಮೀಟರಿನಲ್ಲಿ ಇಬ್ಬರು ನಿಂತರೆ ನಡೆದಾಡಲು ತೊಂದರೆಯಿಲ್ಲ. ನಾಲ್ವರಾದರೆ ನಡಿಗೆ ನಿಧಾನವಾಗುತ್ತದೆ. ಐದಾರು ಮಂದಿಯಾದರೆ ಅಪಾಯದ ಅಂಚು. ಏಳು ಮಂದಿಯಾದರೆ ಜನಸಮುದಾಯ ಜನಸಮುದಾಯವಾಗಿ ಉಳಿಯುವುದಿಲ್ಲ, ನೆರೆಯ ನೀರಿನಂತಾಗುತ್ತದೆ. ಹಿಂದೆ ಎದ್ದ ಒಂದು ತಳ್ಳಾಟ ಅಲೆಯಾಗಿ ಮುಂದಕ್ಕೆ ಸಾಗುತ್ತದೆ. ಜನರ ಕಾಲು ನೆಲದಿಂದ ಮೇಲೇಳುತ್ತದೆ. ಕಾಲಿನ ಚಪ್ಪಲಿ ಕಳಚಿಹೋಗುತ್ತದೆ. ಉಕ್ಕಿನ ಕಟಕಟೆಗಳೂ ಬಾಗಿದ ಉದಾಹರಣೆಗಳನ್ನು ಫ್ರುಯಿನ್ ಕೊಡುತ್ತಾರೆ. ಅಂತಹ ಪ್ರವಾಹದೊಳಗೆ ಸಿಕ್ಕವನಿಗೆ ‘ತಾಳ್ಮೆಯಿಂದಿರು’ ಎಂದು ಉಪದೇಶ ಮಾಡಿ ಫಲವೇನು? ಹಿಂದಿನವನಿಗೆ ಮುಂದೆ ನಡೆಯುತ್ತಿರುವುದು ಕಾಣುವುದಿಲ್ಲ; ಮುಂದಿನವನ ಕೂಗು ಹಿಂದಿನವನಿಗೆ ಕೇಳುವುದಿಲ್ಲ. ಇಬ್ಬರದೂ ತಪ್ಪಿಲ್ಲ. ವಾರಾಹಿಯ ನೆರೆಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ನೀರು ಏರಿದ ಮೇಲೆ ಈಜು ಕಲಿಸಲಾಗದು, ನೀರು ಏರದಂತೆ ದಾರಿ ಬಿಡಬೇಕು.

ಜನಸಂದಣಿಯ ಅನಾಹುತಕ್ಕೆ ನಾಲ್ಕು ಮೂಲಗಳನ್ನು ಫ್ರುಯಿನ್ ಗುರುತಿಸಿದ್ದಾರೆ: ಒತ್ತಡ, ಸುದ್ದಿ, ತಾಣ, ಕಾಲ. ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಈ ನಾಲ್ಕೂ ಕೆಟ್ಟಿದ್ದುವು. ಹಳೆಯ ಬಯಲಾಟದಲ್ಲಿ ಈ ನಾಲ್ಕೂ ನೆಟ್ಟಗಿದ್ದುವು.

ಬಾಗಿಲಿನ ಲೆಕ್ಕ

ಈಗ ಒಂದು ಲೆಕ್ಕ ಮಾಡೋಣ. ಹಟ್ಟಿಯಂಗಡಿಯಂತಹ ಊರಿನ ಒಂದು ಮೈದಾನದಲ್ಲಿ ಸುತ್ತಲೂ ತಡಿಕೆ ಕಟ್ಟಿ ಆಟ ಏರ್ಪಡಿಸಿದ್ದಾರೆಂದು ಇಟ್ಟುಕೊಳ್ಳಿ. ಉದ್ದ 40 ಮೀಟರು, ಅಗಲ 30 ಮೀಟರು. ಒಟ್ಟು 1,200 ಚದರ ಮೀಟರು. ರಂಗಸ್ಥಳಕ್ಕೆ, ಚೌಕಿಗೆ, ನಡುವಣ ದಾರಿಗಳಿಗೆ 300 ಕಳೆದರೆ ಉಳಿದದ್ದು 900. ಚದರ ಮೀಟರಿಗೆ ಇಬ್ಬರಂತೆ ಕುರ್ಚಿ ಹಾಕಿದರೆ 1,800 ಜನ. ಇದು ಆ ತಾಣದ ಮಿತಿ. ಎರಡು ಸಾವಿರದ ಐನೂರು ಟಿಕೆಟು ಅಚ್ಚುಹಾಕಿಸುವವನು ತನಗರಿವಿಲ್ಲದೆಯೇ ಅನಾಹುತಕ್ಕೆ ಆಮಂತ್ರಣ ಪತ್ರಿಕೆಯನ್ನೂ ಅಚ್ಚುಹಾಕಿಸುತ್ತಿದ್ದಾನೆ.

ಇನ್ನು ಬಾಗಿಲು. ಇಂಗ್ಲೆಂಡಿನ ಕ್ರೀಡಾಂಗಣಗಳಿಗಾಗಿ ಬರೆದ ಸುರಕ್ಷತಾ ಕೈಪಿಡಿಯ ಪ್ರಕಾರ, ಸಮತಟ್ಟಾದ ನೆಲದಲ್ಲಿ ಒಂದು ಮೀಟರು ಅಗಲದ ದಾರಿಯಿಂದ ನಿಮಿಷಕ್ಕೆ 82 ಜನ ಹೊರಹೋಗಬಲ್ಲರು. ಮೆಟ್ಟಿಲಾದರೆ 66 ಮಾತ್ರ. ಮಾಮೂಲಿನ ದಿನವೂ ಎಂಟು ನಿಮಿಷದೊಳಗೆ ಎಲ್ಲರೂ ಹೊರಬೀಳುವಂತಿರಬೇಕೆಂದು ಆ ಕೈಪಿಡಿ ಹೇಳುತ್ತದೆ. ಒಂದೂವರೆ ಮೀಟರಿನ ಒಂದೇ ಬಾಗಿಲಿದ್ದರೆ 1,800 ಜನ ಹೊರಬರಲು ಸುಮಾರು ಹದಿನೈದು ನಿಮಿಷ ಬೇಕು. ಎರಡು ಬಾಗಿಲಾದರೆ ಏಳು ನಿಮಿಷಕ್ಕೆ ತುಸು ಮೇಲೆ. ಆದರೆ ಬೆಂಕಿಯೋ ತುಂಡಾದ ತಂತಿಯೋ ಒಂದು ಬಾಗಿಲಿನ ಬಳಿಯೇ ಇದ್ದರೆ ಮತ್ತೆ ಹದಿನೈದು ನಿಮಿಷ. ಆದುದರಿಂದ ಮೂರು ಬಾಗಿಲು ಬೇಕು, ಮೂರೂ ಬೇರೆ ಬೇರೆ ದಿಕ್ಕಿಗೆ ಇರಬೇಕು. ಒಂದು ಮುಚ್ಚಿದರೂ ಉಳಿದೆರಡು ಕಾಪಾಡುತ್ತವೆ. ಬೆಂಕಿಗೆ ಎಂಟು ನಿಮಿಷದ ತಾಳ್ಮೆಯಿಲ್ಲವಾದುದರಿಂದ ನಾಲ್ಕನೆಯದೊಂದಿದ್ದರೆ ಮತ್ತೂ ಲೇಸು.

ಈ ಲೆಕ್ಕಕ್ಕೆ ಗಣಿತದ ಪದವಿ ಬೇಡ; ಅಳತೆಯ ಟೇಪು, ಒಂದು ಹಾಳೆ ಕಾಗದ, ಅರ್ಧ ಗಂಟೆಯ ಬಿಡುವು ಇದ್ದರೆ ಸಾಕು.

ಬಾಗಿಲು ಇದ್ದರೆ ಸಾಲದು, ಅದು ತೆರೆದಿರಬೇಕು ಮತ್ತು ಹೊರಕ್ಕೆ ತೆರೆಯಬೇಕು. 1883ರ ಜೂನ್ 16ರಂದು ಇಂಗ್ಲೆಂಡಿನ ಸಂಡರ್ಲೆಂಡ್ ಪಟ್ಟಣದ ವಿಕ್ಟೋರಿಯಾ ಹಾಲಿನಲ್ಲಿ ಮಕ್ಕಳಿಗಾಗಿ ಒಂದು ಪ್ರದರ್ಶನ ನಡೆಯಿತು. ಕೊನೆಯಲ್ಲಿ ಬಹುಮಾನ ಹಂಚುವುದಾಗಿ ಸಾರಿದರು. ಮೇಲಿನ ಅಂತಸ್ತಿನ ಮಕ್ಕಳು ತಮಗೆಲ್ಲಿ ತಪ್ಪಿಹೋಗುವುದೋ ಎಂದು ಮೆಟ್ಟಿಲಿಳಿದು ಓಡಿದರು. ಕೆಳಗಿನ ಬಾಗಿಲು ಒಳಮುಖವಾಗಿ ತೆರೆಯುವಂಥದು. ಒಬ್ಬೊಬ್ಬರೇ ಬರಲೆಂದು ಅದನ್ನು ತುಸುವೇ ತೆರೆದು ಅಗುಳಿ ಹಾಕಿದ್ದರು. 183 ಮಕ್ಕಳು ಆ ಮೆಟ್ಟಿಲ ಬುಡದಲ್ಲಿ ಉಸಿರುಕಟ್ಟಿ ಸತ್ತರು. ಒಳಗಿನಿಂದ ತಳ್ಳಿದೊಡನೆ ತೆರೆಯುವ ಬಾಗಿಲಿನ ಅಗುಳಿಯನ್ನು ಮುಂದೆ ಕಂಡುಹಿಡಿದದ್ದು ಈ ಮಕ್ಕಳ ಸಾವಿನ ಪಾಠದಿಂದ. ಉಚಿತವಾಗಿ ಏನನ್ನಾದರೂ ಹಂಚುವುದಾಗಿ ಧ್ವನಿವರ್ಧಕದಲ್ಲಿ ಸಾರುವ ಮುನ್ನ, ಅದು ಸೀರೆಯಾಗಲಿ ಪಾಸಾಗಲಿ, ವ್ಯವಸ್ಥಾಪಕರು ಈ ಘಟನೆಯನ್ನು ಒಮ್ಮೆ ನೆನೆಯಬೇಕು.

ಜನ ಬರುವ ದಾರಿಗೆ ಕಮಾನು ಕಟ್ಟುತ್ತಾರೆ, ತೋರಣ ಹಾಕುತ್ತಾರೆ, ದೀಪ ಇಡುತ್ತಾರೆ. ಹೋಗುವ ದಾರಿಯನ್ನು ಯಾರೂ ಸಿಂಗರಿಸುವುದಿಲ್ಲ. ಅಪಾಯವಿರುವುದಾದರೋ ಹೆಚ್ಚಾಗಿ ಹೋಗುವ ಹೊತ್ತಿಗೆ. 2011ರ ಜನವರಿ 14ರಂದು ಶಬರಿಮಲೆಯ ಸಮೀಪದ ಪುಲ್ಲುಮೇಡಿನಲ್ಲಿ ಮಕರಜ್ಯೋತಿಯನ್ನು ಕಂಡು ಮರಳುತ್ತಿದ್ದ ಯಾತ್ರಿಕರು ಕತ್ತಲಲ್ಲಿ, ಕಾಡಿನ ಇಕ್ಕಟ್ಟಾದ ದಾರಿಯಲ್ಲಿ ಸಿಕ್ಕಿಕೊಂಡರು. ನೂರಕ್ಕೂ ಹೆಚ್ಚು ಮಂದಿ ಸತ್ತರು, ಕರ್ನಾಟಕದವರೂ ಅವರಲ್ಲಿದ್ದರು. ದರ್ಶನ ಮುಗಿದಿತ್ತು, ಪುಣ್ಯ ಕೈಸೇರಿತ್ತು, ಮನೆಗೆ ಹೋಗುವುದೊಂದೇ ಉಳಿದಿತ್ತು.

ತಂತಿ, ತೇರು, ಸಿಡಿಮದ್ದು

ದೇವರ ಉತ್ಸವಗಳಿಗೆ ಅವುಗಳದೇ ಆದ ಅಪಾಯಗಳುಂಟು. ಕೊಡಿಹಬ್ಬದ ದಿನ ಕೋಟೇಶ್ವರದ ಕೋಟಿಲಿಂಗೇಶ್ವರನ ತೇರನ್ನು ಎಳೆಯಲು ಬರುವ ಜನಸ್ತೋಮ ಅಪಾರ. ಹೊಸದಾಗಿ ಮದುವೆಯಾದ ದಂಪತಿಗಳು ಬಂದು ಕಬ್ಬಿನ ಕೊಡಿಯನ್ನು ಕೊಂಡೊಯ್ಯುವ ಹಬ್ಬವಾದುದರಿಂದ ಹೆಣ್ಣುಮಕ್ಕಳೂ ಕೈಗೂಸುಗಳೂ ಹೆಚ್ಚು. ತೇರಿನ ಹಗ್ಗ ಹಿಡಿದವನಿಗೆ ಹಿಂದಿನ ಚಕ್ರ ಕಾಣುವುದಿಲ್ಲ. ಚಕ್ರಕ್ಕೆ ಮರದ ತುಂಡನ್ನು ಒಡ್ಡುವವನಿಗೆ ಮುಂದಿನ ಹಗ್ಗ ಕಾಣುವುದಿಲ್ಲ. ಇವರಿಬ್ಬರ ನಡುವೆ ಸನ್ನೆ ಕೊಡುವವನು ಒಬ್ಬನೇ ಇರಬೇಕು. ಚಕ್ರದ ಬಳಿ ಅದರ ಕೆಲಸದವರನ್ನು ಬಿಟ್ಟು ಬೇರೊಬ್ಬರು ಸುಳಿಯಬಾರದು. 2017ರ ಫೆಬ್ರುವರಿಯಲ್ಲಿ ಕೊಟ್ಟೂರಿನ ಕೊಟ್ಟೂರೇಶ್ವರನ ತೇರು ಜಾತ್ರೆಯ ನಡುವೆಯೇ ಮಗುಚಿ ಬಿದ್ದು ಹಲವರು ಗಾಯಗೊಂಡರು. ತೇರಿಗೆ ಬಣ್ಣ ಬಳಿದು ಪತಾಕೆ ಕಟ್ಟುವುದರ ಜೊತೆಗೆ, ಅಚ್ಚು, ಗಾಲಿ, ಮರಗಳನ್ನು ಬಲ್ಲ ಆಚಾರಿಯಿಂದ ಪರೀಕ್ಷೆ ಮಾಡಿಸುವುದೂ ದೇವರ ಸೇವೆಯೇ.

ತೇರಿನ ಶಿಖರಕ್ಕೂ ವಿದ್ಯುತ್ತಿನ ತಂತಿಗೂ ಹಗೆತನ. 2022ರ ಏಪ್ರಿಲ್ 27ರಂದು ತಮಿಳುನಾಡಿನ ತಂಜಾವೂರಿನ ಬಳಿ ಉತ್ಸವದ ರಥವೊಂದು ಮೇಲಿನ ತಂತಿಗೆ ತಗುಲಿ 11 ಮಂದಿ ಸತ್ತರು. 2023ರ ನವೆಂಬರಿನಲ್ಲಿ ಹಾಸನದ ಹಾಸನಾಂಬೆಯ ದರ್ಶನಕ್ಕೆ ನಿಂತ ಸಾಲಿನಲ್ಲಿ ವಿದ್ಯುತ್ ಸ್ಪರ್ಶವಾಗಿ, ಜನ ಹೆದರಿ ನುಗ್ಗಿ, ಹಲವರು ಗಾಯಗೊಂಡರು. ತೇರು ಸಾಗುವ ಹೊತ್ತಿಗೆ ಆ ಬೀದಿಯ ವಿದ್ಯುತ್ತನ್ನು ನಿಲ್ಲಿಸುವಂತೆ ಮೊದಲೇ ಬರೆದುಕೊಡುವುದು ಒಂದು ಕಾಗದದ ಕೆಲಸ. ಹಸಿ ನೆಲದ ಮೇಲೆ ತಂತಿ ಎಳೆಯದಿರುವುದು ಸಾಮಾನ್ಯ ಬುದ್ಧಿಯ ಕೆಲಸ.

ಸಿಡಿಮದ್ದಿನ ವಿಷಯವಂತೂ ಹೇಳಲೇಬೇಕು. ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ 2024ರ ಅಕ್ಟೋಬರ್ 28ರ ನಡುರಾತ್ರಿ, ತೆಯ್ಯಂ ನೋಡಲು ಸೇರಿದ ಜನರ ಸಮೀಪದಲ್ಲಿಯೇ ಸಿಡಿಮದ್ದಿನ ದಾಸ್ತಾನು ಇತ್ತು. ಹೊತ್ತಿಸಿದ ಮದ್ದಿನ ಕಿಡಿ ದಾಸ್ತಾನಿಗೆ ಬಿದ್ದಿತು. 150ಕ್ಕೂ ಹೆಚ್ಚು ಮಂದಿ ಸುಟ್ಟ ಗಾಯಗಳಿಂದ ನರಳಿದರು. ಕೆಲವರು ಬದುಕಿ ಉಳಿಯಲಿಲ್ಲ. ಎಂಟು ವರ್ಷ ಮೊದಲು, 2016ರ ಏಪ್ರಿಲ್ 10ರಂದು ಅದೇ ಕೇರಳದ ಕೊಲ್ಲಂ ಬಳಿಯ ಪುಟ್ಟಿಂಗಲ್ ದೇವಾಲಯದಲ್ಲಿ ಸಿಡಿಮದ್ದಿನಿಂದಲೇ ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ನೆರೆಯಲ್ಲಿ ನಡೆದ ಪಾಠವನ್ನು ನೆರೆಯವರು ಕಲಿಯಲಿಲ್ಲ. ಕರಾವಳಿಯ ಜಾತ್ರೆಗಳಲ್ಲಿಯೂ ಗರ್ನಾಲಿನ ಸದ್ದಿಲ್ಲದೆ ದೇವರು ಏಳುವುದಿಲ್ಲವೆಂಬ ಭಾವನೆಯಿದೆ. ಸದ್ದು ಬೇಕೆಂದರೆ ದೂರವೂ ಬೇಕು. ಹೊತ್ತಿಸುವ ತಾಣ, ದಾಸ್ತಾನಿನ ತಾಣ, ಜನರ ತಾಣ ಈ ಮೂರೂ ಒಂದರಿಂದೊಂದು ದೂರವಿರಬೇಕು.

ನೆಲವನ್ನೂ ಮರೆಯುವಂತಿಲ್ಲ. 2005ರ ಜನವರಿ 25ರಂದು ಮಹಾರಾಷ್ಟ್ರದ ವಾಯಿ ಸಮೀಪದ ಮಾಂಢರದೇವಿಯ ಜಾತ್ರೆಯಲ್ಲಿ ಸುಮಾರು 300 ಮಂದಿ ಸತ್ತರಲ್ಲ, ಅಲ್ಲಿ ಒಡೆದ ತೆಂಗಿನಕಾಯಿಗಳ ನೀರಿನಿಂದ ಮೆಟ್ಟಿಲುಗಳು ಜಾರುತ್ತಿದ್ದುವು. ಕಾಯಿ ಒಡೆಯದ ದೇವಾಲಯ ಕರಾವಳಿಯಲ್ಲಿ ಯಾವುದಿದೆ? ಕಾಯಿ ಒಡೆಯುವ ಕಲ್ಲು ಜನರ ದಾರಿಯಿಂದ ಪಕ್ಕಕ್ಕಿರಲಿ, ನೀರು ಹರಿದುಹೋಗಲು ಕಾಲುವೆಯಿರಲಿ ಎಂಬಷ್ಟೇ ವಿವೇಕ ಇಲ್ಲಿ ಬೇಕಾದದ್ದು.

ನಿಲ್ಲಿಸುವವರು ಯಾರು?

ಇಷ್ಟೆಲ್ಲ ಏರ್ಪಾಡು ಮಾಡಿದ ಮೇಲೆಯೂ ಒಂದು ಪ್ರಶ್ನೆ ಉಳಿಯುತ್ತದೆ. ಅಪಾಯ ಕಂಡಾಗ ‘ನಿಲ್ಲಿಸಿ’ ಎನ್ನುವ ಅಧಿಕಾರ ಯಾರದು? ಸಮಿತಿಯ ಅಧ್ಯಕ್ಷರು ಗಣ್ಯರನ್ನು ಬರಮಾಡಿಕೊಳ್ಳುವುದರಲ್ಲಿ ಮಗ್ನರು. ಕಾರ್ಯದರ್ಶಿ ಲೆಕ್ಕಪತ್ರದಲ್ಲಿ. ಪೊಲೀಸರು ರಸ್ತೆಯಲ್ಲಿ. ಬಾಗಿಲ ಬಳಿಯ ಸ್ವಯಂಸೇವಕ ಎಳೆಯ ಹುಡುಗ; ಅವನಿಗೆ ಒತ್ತಡ ಕಾಣುತ್ತದೆ, ಆದರೆ ಅವನ ಮಾತು ವೇದಿಕೆಗೆ ಮುಟ್ಟುವುದಿಲ್ಲ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಹೊರಗೂ ಒಳಗೂ ನಡುವೆ ಬಿದ್ದಿದ್ದ ಅಂತರ ಇದೇ.

ಯಕ್ಷಗಾನದಲ್ಲಿ ಈ ತೊಡಕಿಲ್ಲ. ಅಲ್ಲಿ ಎಲ್ಲಕ್ಕೂ ಭಾಗವತನೇ ಒಡೆಯ. ಅವನನ್ನು ‘ಒಂದನೆಯ ವೇಷ’ ಎನ್ನುತ್ತಾರೆ. ಎಷ್ಟೇ ದೊಡ್ಡ ವೇಷಧಾರಿಯಾಗಲಿ, ಭಾಗವತನ ಪದ ನಿಂತರೆ ಕುಣಿತ ನಿಲ್ಲಬೇಕು. ಪ್ರಸಂಗವನ್ನು ಹಿಗ್ಗಿಸುವವನೂ ಕುಗ್ಗಿಸುವವನೂ ಅವನೇ. ಬೇಕೆಂದಾಗ ಮಂಗಳ ಹಾಡುವವನೂ ಅವನೇ. ಮಳೆ ಬಂದಾಗ, ದೀಪ ಆರಿದಾಗ, ಬಯಲಿನಲ್ಲಿ ಗದ್ದಲವೆದ್ದಾಗ ಜನ ನೋಡುವುದು ಅವನ ಕಡೆಗೆ. ಅವನ ದನಿಯ ಪರಿಚಯ ಎಲ್ಲರಿಗೂ ಇದೆ. ಆ ದನಿಯಲ್ಲಿ ನಂಬಿಕೆಯೂ ಇದೆ.

ಪ್ರತಿಯೊಂದು ಉತ್ಸವಕ್ಕೂ ಇಂತಹ ಒಬ್ಬ ಭಾಗವತ ಬೇಕು. ಅವನಿಗೆ ಸನ್ಮಾನದ ಕೆಲಸ ಬೇಡ, ಭಾಷಣದ ಕೆಲಸ ಬೇಡ. ಪ್ರತಿಯೊಂದು ಬಾಗಿಲಿನಿಂದಲೂ ಅವನಿಗೆ ಸುದ್ದಿ ಮುಟ್ಟುತ್ತಿರಬೇಕು; ಕೈಯಲ್ಲಿ ಧ್ವನಿವರ್ಧಕ ಇರಬೇಕು; ಮಂತ್ರಿಗಳೇ ಮಾತನಾಡುತ್ತಿದ್ದರೂ ನಿಲ್ಲಿಸುವ ಅಧಿಕಾರವಿರಬೇಕು. ಉತ್ಸವಕ್ಕೆ ವಾರ ಮುಂಚೆಯೇ ಧರ್ಮದರ್ಶಿಗಳು, ಪಂಚಾಯಿತಿಯವರು, ಪೊಲೀಸು ಠಾಣೆಯವರು, ಅಗ್ನಿಶಾಮಕ ದಳದವರು, ವಿದ್ಯುತ್ ಇಲಾಖೆಯವರು, ಆಸ್ಪತ್ರೆಯವರು ಅವನೊಡನೆ ಕುಳಿತು ಆ ತಾಣವನ್ನು ನಡೆದು ನೋಡಬೇಕು. ಅದೂ ಹಗಲಿನಲ್ಲಿ ಒಮ್ಮೆ, ಇರುಳಿನಲ್ಲಿ ಒಮ್ಮೆ. 108ರ ವಾಹನ ಎಲ್ಲಿ ನಿಲ್ಲಬೇಕು, ಜನ ತುಂಬಿದ ಮೇಲೆ ಅದು ಯಾವ ದಾರಿಯಿಂದ ಹೊರಬರಬೇಕು, ಕಳೆದುಹೋದ ಮಗುವನ್ನು ಎಲ್ಲಿಗೆ ತರಬೇಕು, ದೀಪ ಆರಿದರೆ ಬೇರೆ ಬೆಳಕು ಯಾವುದು, ಹೊಳೆಯ ದಡವಾದರೆ ನೀರಿನ ಕಡೆಗೆ ಬೇಲಿ ಇದೆಯೇ: ಇವೆಲ್ಲ ಆಗಲೇ ತೀರ್ಮಾನವಾಗಬೇಕು. ಬೆಂಕಿ ಬಿದ್ದಾಗ ಬಾವಿ ತೋಡುವವನ ಗಾದೆ ಎಲ್ಲರಿಗೂ ಗೊತ್ತು. ಹಬ್ಬದ ಹಿಂದಿನ ದಿನ ಅದು ಯಾರಿಗೂ ನೆನಪಾಗುವುದಿಲ್ಲ.

ಇದಕ್ಕೆಲ್ಲ ಖರ್ಚು ಬಹಳವೆಂದು ಹೇಳುವವರಿದ್ದಾರೆ. ತಡಿಕೆಯಲ್ಲಿ ಇನ್ನೆರಡು ಬಾಗಿಲು ಬಿಡುವುದಕ್ಕೆ ಖರ್ಚಿಲ್ಲ. ಸಿಲಿಂಡರಿನ ಅಂಗಡಿಯನ್ನು ಬಾಗಿಲಿನಿಂದ ದೂರ ಇರಿಸುವುದಕ್ಕೆ ಖರ್ಚಿಲ್ಲ. ಬೈಕುಗಳಿಗೊಂದು ದಾರಿ, ಕಾಲ್ನಡೆಗೊಂದು ದಾರಿ ಎಂದು ಹಗ್ಗ ಕಟ್ಟುವುದಕ್ಕೆ ಹಗ್ಗದ ಬೆಲೆಯಷ್ಟೇ ಖರ್ಚು. ಮಂಗಳವಾದೊಡನೆ ‘ಹಿಂದಿನ ಸಾಲಿನವರು ಮೊದಲು ಏಳಿ, ಮುಂದಿನವರು ಎರಡು ನಿಮಿಷ ಕುಳಿತಿರಿ’ ಎಂದು ಹೇಳುವುದಕ್ಕೆ ಖರ್ಚೇನೂ ಇಲ್ಲ. ಹೆಚ್ಚು ಟಿಕೆಟು ಮಾರದಿರುವುದಕ್ಕೆ ಮಾತ್ರ ಮನಸ್ಸನ್ನು ಬಿಗಿಹಿಡಿಯಬೇಕು. ಅದೊಂದೇ ನಿಜವಾದ ಖರ್ಚು.

ಉತ್ಸವಗಳು ಬೇಡವೆನ್ನುವುದು ಈ ಮಾತುಗಳ ಅರ್ಥವಲ್ಲ. ಹತ್ತಾರು ಊರಿನ ಜನ ವರ್ಷಕ್ಕೊಮ್ಮೆ ಒಂದು ಬಯಲಿನಲ್ಲಿ ಸೇರದಿದ್ದರೆ ನಾಡಿನ ಬದುಕು ಬಡವಾಗುತ್ತದೆ. ಹರಕೆಯ ಆಟ ಮುಂದೆಯೂ ನಡೆಯಲಿ, ತೇರು ಮುಂದೆಯೂ ಸಾಗಲಿ. ಆದರೆ ರಂಗಸ್ಥಳದ ದೀಪಗಳ ಸಂಖ್ಯೆಯನ್ನೂ ಊಟದ ಎಲೆಗಳ ಸಂಖ್ಯೆಯನ್ನೂ ತಿಂಗಳು ಮೊದಲೇ ಲೆಕ್ಕ ಹಾಕುವ ವ್ಯವಸ್ಥಾಪಕರು, ಬಂದವರು ಎಷ್ಟು ನಿಮಿಷದಲ್ಲಿ ಹೊರಹೋಗಬಲ್ಲರೆಂಬುದನ್ನೂ ಲೆಕ್ಕ ಹಾಕಲಿ. ಗೋಡೆ ಕಟ್ಟಿದ ಮೇಲೆಯೂ ಬಯಲಿನ ಗುಣವನ್ನು ಉಳಿಸಿಕೊಂಡ ಉತ್ಸವವೇ ಕ್ಷೇಮದ ಉತ್ಸವ.